ಮನೆಗೆ ಬಂದರೆ ನೆಂಟನ ಹಾಗೆ ಕೂರುತ್ತೇನೆ

ಪ್ರಶ್ನೆ: ನನಗೆ 39 ವರ್ಷ, ರಾಣೆಬೆನ್ನೂರು ತಾಲ್ಲೂಕಿನವನು. ನ್ಯಾಷನಲ್ ಪರ್ಮಿಟ್ ಲಾರಿ ಓಡಿಸುತ್ತೇನೆ. ಬ್ಯಾಡಗಿಯಿಂದ ಮೆಣಸಿನಕಾಯಿ ತುಂಬಿಕೊಂಡು ಅಹಮದಾಬಾದ್, ಜೈಪುರ, ದೆಹಲಿ. ಬರುವಾಗ ಟೈಲ್ಸೋ ಮಾರ್ಬಲ್ಲೋ, ಸಿಕ್ಕ ಲೋಡು. ಒಮ್ಮೆ ಹೋದರೆ ಹದಿನೈದು ದಿನ, ಕೆಲವು ಸಲ ತಿಂಗಳು. ಮನೆಗೆ ಬಂದರೆ ಐದು ವರ್ಷದ ಮಗ ಅವ್ವನ ಸೆರಗಿನ ಹಿಂದೆ ಅಡಗುತ್ತಾನೆ. ಒಂಬತ್ತನೇ ಕ್ಲಾಸಿನ ಮಗಳು ಕೇಳಿದ್ದಕ್ಕೆ ಹ್ಞೂಂ, ಉಹ್ಞೂಂ, ಅಷ್ಟೇ. ಹೋದ ಸಲ ಬಂದಾಗ ಗೊತ್ತಾಯಿತು, ಹೆಂಡತಿ ನನ್ನನ್ನು ಕೇಳದೆ ಸಂಘದಲ್ಲಿ ಸಾಲ ತೆಗೆದು ಮಗಳ ಫೀಸು ಕಟ್ಟಿದ್ದಾಳೆ. ಕೂಗಾಡಿ, ಊಟ ಬಿಟ್ಟು, ಮರುದಿನವೇ ಲಾರಿ ಹತ್ತಿದೆ. ನಾನು ದುಡಿಯುವುದು ಇವರಿಗಾಗಿಯೇ ಅಲ್ಲವೇ? ಲಾರಿ ಬಿಟ್ಟು ಊರಲ್ಲೇ ಆಟೊ ಓಡಿಸಲೇ?
– ಹೆಸರು ಬೇಡ

ಉತ್ತರ: ಆಟೊ ವಿಷಯ ಆಮೇಲೆ ನೋಡೋಣ. ‘ಹದಿನೈದು ದಿನ, ಕೆಲವು ಸಲ ತಿಂಗಳು’ ಎಂದು ಬರೆದಿದ್ದೀರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿ. ಅಪ್ಪ ದೂರ ಇದ್ದರೆ ಮಕ್ಕಳು ಹೇಗೋ ಹೊಂದಿಕೊಳ್ಳುತ್ತವೆ. ಸೈನ್ಯದಲ್ಲಿ, ಗಲ್ಫಿನಲ್ಲಿ ಇರುವವರ ಮಕ್ಕಳೂ ಬೆಳೆಯುತ್ತವೆ. ಆದರೆ ‘ನಾಳೆ ಬರ್ತೀನಿ’ ಎಂದ ಅಪ್ಪ ನಾಡಿದ್ದೂ ಬಾರದಿದ್ದರೆ, ನಾಲ್ಕು ಸಲ ಹಾಗಾದ ಮೇಲೆ ಮಗು ಕಾಯುವುದನ್ನೇ ಬಿಟ್ಟುಬಿಡುತ್ತದೆ. ನಿಮ್ಮ ಮಗಳ ‘ಹ್ಞೂಂ, ಉಹ್ಞೂಂ’ಗೆ ಕಾರಣ ಇದೇ ಇರಬಹುದು ಎಂದು ನನ್ನ ಅಂದಾಜು.

ತಡವಾಗುವುದು ನಿಮ್ಮ ತಪ್ಪಲ್ಲ, ಬಲ್ಲೆ. ಅನ್‌ಲೋಡಿಗೆ ಸರದಿ, ದೆಹಲಿಯೊಳಗೆ ಹಗಲು ದೊಡ್ಡ ಲಾರಿಗೆ ನೋ ಎಂಟ್ರಿ, ವಾಪಸ್ ಲೋಡು ಗೊತ್ತಾಗುವವರೆಗೆ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಠಿಕಾಣಿ. ಹಾಗಿರುವಾಗ ಅಲ್ಲಿ ಕೂತು ಮನೆಗೆ ತಾರೀಖು ಹೇಳುವುದೇಕೆ? ಇನ್ನು ಮೇಲೆ ಹೇಳಬೇಡಿ. ಲಾರಿ ಕರ್ನಾಟಕಕ್ಕೆ ಬಂದು ನಿಪ್ಪಾಣಿ ದಾಟಿದ ಮೇಲೆ ಮಾತ್ರ ‘ಇಂದು ಬರ್ತೀನಿ’ ಅನ್ನಿ, ಅಂದ ಮೇಲೆ ಬನ್ನಿ. ಅಲ್ಲಿಯವರೆಗೆ ಊರಿನ ಹೆಸರು ಹೇಳಿ ಸಾಕು. ನಿಮ್ಮ ತಾಲ್ಲೂಕಿನ ಮೇಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಚೆನ್ನೈಯಿಂದ ಹೊರಟು ದೆಹಲಿ ಮುಟ್ಟುತ್ತದೆ. ಬೆಳಗಾವಿ, ಕೊಲ್ಲಾಪುರ, ಪುಣೆ, ಸೂರತ್, ಅಹಮದಾಬಾದ್, ಉದಯಪುರ, ಜೈಪುರ ಎಲ್ಲವೂ ಆ ಒಂದೇ ದಾರಿಯಲ್ಲಿವೆ. ಬರುವಾಗ ಒಂದು ಭಾರತದ ನಕ್ಷೆ ತನ್ನಿ. ಮಗಳ ಕೈಯಲ್ಲಿ ಆ ದಾರಿಗೆ ಕೆಂಪು ಗೆರೆ ಎಳೆಸಿ ಗೋಡೆಗೆ ಅಂಟಿಸಿ. ನೀವು ಫೋನಿನಲ್ಲಿ ‘ವಾಪಿ’ ಎಂದರೆ ಮಗ ಅಲ್ಲಿ ಬಿಂದಿ ಅಂಟಿಸಲಿ. ಅಪ್ಪ ಹತ್ತಿರ ಬರುತ್ತಿದ್ದಾನೆ ಎಂಬುದು ಐದು ವರ್ಷದವನಿಗೂ ಕಣ್ಣಿಗೆ ಕಾಣುತ್ತದೆ.

ಫೋನಿಗೆ ಒಂದೇ ಕಟ್ಟಳೆ: ಮಾಡುವವರು ನೀವು, ಅದೂ ಲಾರಿ ನಿಲ್ಲಿಸಿ. ಮನೆಯಿಂದ ಫೋನು ಬಂದರೆ ನೀವು ಸ್ಟೀರಿಂಗ್ ಹಿಡಿದೇ ಎತ್ತುತ್ತೀರಿ, ಅದು ಹೆಂಡತಿಗೂ ಗೊತ್ತು, ಆದರೂ ಜೀವ ತಡೆಯದೆ ಮಾಡುತ್ತಾರೆ. ಊಟಕ್ಕೆ ಢಾಬಾದಲ್ಲಿ ನಿಂತಾಗ ಹತ್ತು ನಿಮಿಷ ಮಕ್ಕಳಿಗೆ ಕೊಡಿ. ‘ಊಟ ಆಯ್ತಾ, ಹೋಂವರ್ಕ್ ಆಯ್ತಾ’ ಎಂದು ಕೇಳಿದರೆ ಬರುವ ಉತ್ತರ ಹ್ಞೂಂ ಒಂದೇ. ಅದರ ಬದಲು ಕ್ಯಾಮೆರಾ ತಿರುಗಿಸಿ, ಎದುರಿಗೆ ನಿಂತ ಪಂಜಾಬಿನ ಲಾರಿಯ ಬಣ್ಣ ತೋರಿಸಿ, ಕ್ಯಾಬಿನ್ನಿನಲ್ಲಿ ನೀವು ಮಲಗುವ ಜಾಗ ತೋರಿಸಿ. ನೀವು ಎಲ್ಲಿ ಮಲಗುತ್ತೀರಿ ಎಂಬುದನ್ನೇ ಮಗಳು ನೋಡಿರಲಿಕ್ಕಿಲ್ಲ.

ಇನ್ನು ಸಂಘದ ಸಾಲ. ಬೇಜಾರು ಮಾಡಿಕೊಳ್ಳಬೇಡಿ, ಈ ವಿಷಯದಲ್ಲಿ ನಾನು ನಿಮ್ಮ ಹೆಂಡತಿಯ ಕಡೆ. ಫೀಸಿನ ಗಡುವು ನಿಮ್ಮ ವಾಪಸ್ ಲೋಡಿಗೆ ಕಾಯುವುದಿಲ್ಲ. ಹಾಲು, ರೇಷನ್, ಮಗನ ಜ್ವರ, ನೆಂಟರ ಮದುವೆಯ ಮುಯ್ಯಿ, ಎಲ್ಲಕ್ಕೂ ಆ ಕ್ಷಣಕ್ಕೆ ತೀರ್ಮಾನ ಬೇಕು. ನೀವಿಲ್ಲದಾಗ ಅದನ್ನು ಮಾಡುತ್ತಾ ಬಂದವರು, ನೀವು ಬಂದ ಎರಡು ದಿನಕ್ಕೆಂದು ‘ಏನು ಮಾಡ್ಲಿ’ ಎಂದು ಕೇಳುತ್ತಾ ನಿಲ್ಲುವುದು ಹೇಗೆ? ಲೆಕ್ಕ ಕೇಳುವ ಹಕ್ಕು ನಿಮಗಿದೆ, ಕೇಳುವ ಹೊತ್ತು ಮಾತ್ರ ತಪ್ಪಿದೆ. ಪ್ರತಿ ಟ್ರಿಪ್ಪಿಗೆ ಹೊರಡುವ ಮುನ್ನ ಇಬ್ಬರೂ ಕೂತು ಈ ತಿಂಗಳು ಬರುವ ಖರ್ಚು ಬರೆಯಿರಿ. ಇಷ್ಟು ರೂಪಾಯಿವರೆಗೆ ಆಕೆಯದೇ ತೀರ್ಮಾನ, ಅದಕ್ಕೆ ಮೀರಿದರೆ ಒಂದು ಫೋನು, ಹೀಗೆ ಮಾತಾಗಲಿ. ಭತ್ಯೆಯಲ್ಲಿ ಉಳಿದದ್ದೆಷ್ಟು, ದಾರಿಯಲ್ಲಿ ಹೋದದ್ದೆಷ್ಟು ಎಂದು ನೀವೂ ಹೇಳಬೇಕಾಗುತ್ತದೆ! ಮನೆಯ ಒಂದು ಕೆಲಸ ನಿಮ್ಮ ಹೆಸರಿನಲ್ಲಿರಲಿ. ಕರೆಂಟ್ ಬಿಲ್ಲನ್ನು ಜೈಪುರದಿಂದಲೂ ಕಟ್ಟಬಹುದು.

ಬಂದ ಮೊದಲ ದಿನ ಯಾವ ಲೆಕ್ಕವನ್ನೂ ತೆಗೆಯಬೇಡಿ, ಮಲಗಿ. ರಾತ್ರಿಯೆಲ್ಲ ಓಡಿಸಿದವನ ಸಿಟ್ಟಿನಲ್ಲಿ ಅರ್ಧ ನಿದ್ದೆಯದ್ದೇ. ಮಗ ಸೆರಗಿನ ಹಿಂದೆ ನಿಂತರೆ ಎಳೆದು ಎತ್ತಿಕೊಳ್ಳಲು ಹೋಗಬೇಡಿ. ಸಂಜೆಯೊಳಗೆ ತಾನೇ ಬರುತ್ತಾನೆ. ಮರುದಿನ ಅವನನ್ನು ಶಾಲೆಗೆ ಬಿಟ್ಟು ಬನ್ನಿ. ಕಟ್ಟೆಯ ಗೆಳೆಯರು ಮುಂದಿನ ಸಲಕ್ಕೂ ಸಿಗುತ್ತಾರೆ.

ಇಷ್ಟಾದರೂ ಎಲ್ಲ ಹೊರೆಯನ್ನೂ ನಿಮ್ಮ ಮೇಲೆ ಹಾಕಿದರೆ ಅನ್ಯಾಯ. ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು 1961ರಲ್ಲೇ ಕಾಯ್ದೆ ಬಂತು. ದೂರದ ದಾರಿಯವರಿಗೆ ಅದರಲ್ಲಿ ಕೊಟ್ಟ ಸಡಿಲಿಕೆಯೂ ದಿನಕ್ಕೆ ಹತ್ತು ಗಂಟೆಯಷ್ಟೇ ಆಗಿತ್ತು. ಕಾಗದದ ಮೇಲಿನ ಆ ಗಂಟೆಗೂ ನಿಮ್ಮ ಗಂಟೆಗೂ ಎಷ್ಟು ದೂರವೋ ನಿಮಗೇ ಗೊತ್ತು. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಬೇಕೆಂಬ ನಿಯಮವನ್ನೂ 2018ರಲ್ಲಿ ಕೈಬಿಟ್ಟರು. ಮಾಲೀಕರಿಗೆ ಉಳಿತಾಯವಾಯಿತು, ನಿದ್ದೆ ಹೋದದ್ದು ನಿಮ್ಮದು. ಹಾಗಾಗಿ ಮಾತಾಡಬೇಕಾದವರಲ್ಲಿ ಮಾಲೀಕರೂ ಒಬ್ಬರು. ಎರಡು ದೆಹಲಿ ಟ್ರಿಪ್ಪಿಗೆ ಒಂದು ಬೆಂಗಳೂರೋ ಮಂಗಳೂರೋ ಕೊಡಿ ಎಂದು ಕೇಳಿ. ಮಗಳ ಪರೀಕ್ಷೆ, ಊರ ಜಾತ್ರೆಯ ತಾರೀಖನ್ನು ಎರಡು ತಿಂಗಳು ಮೊದಲೇ ಹೇಳಿಡಿ. ದಾರಿ ಬಲ್ಲ, ಡೀಸೆಲ್ ಕದಿಯದ ಡ್ರೈವರ್ ಸಿಗುವುದು ಎಷ್ಟು ಕಷ್ಟವೆಂದು ಅವರಿಗೂ ಗೊತ್ತು. ಜೊತೆಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ನಾಮಿನಿ ಹೆಂಡತಿಯೇ ಇರಲಿ.

ಆಟೊ? ಈಗ ಬೇಡ. ಸಾಲ ತಲೆಯ ಮೇಲಿರುವಾಗ ಇನ್ನೊಂದು ಸಾಲ ಮಾಡಿ ಆಟೊ ತಂದರೆ ದಿನಾ ಮನೆಯಲ್ಲಿರುತ್ತೀರಿ, ಕಂತಿನ ಜಗಳವೂ ದಿನಾ ಇರುತ್ತದೆ. ಸಂಘದ ಸಾಲ ತೀರಲಿ. ಆಗ ಊರ ಸುತ್ತಲಿನ ಮೆಕ್ಕೆಜೋಳದ ಲೋಡೋ, ಶಾಲಾ ಬಸ್ಸೋ ಹುಡುಕಬಹುದು, ಹೆವಿ ಲೈಸೆನ್ಸ್ ಹೇಗೂ ಇದೆ. ಆ ತೀರ್ಮಾನದಲ್ಲಿ ಹೆಂಡತಿಯೂ ಇರಲಿ. ಸದ್ಯಕ್ಕೆ ಮಾಲೀಕರೊಂದಿಗಿನ ಮಾತನ್ನು ಮುಂದಿನ ಲೋಡು ಹತ್ತುವ ಮೊದಲೇ ಮುಗಿಸಿಬಿಡಿ, ಹತ್ತಿದ ಮೇಲೆ ಯಾರೂ ಕೇಳುವುದಿಲ್ಲ.