ಮೇಣದಬತ್ತಿ ಕಲಿಸಿದ ಪಾಠ

ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ಓದಬಹುದಾದ ವಿಜ್ಞಾನಗ್ರಂಥ ಯಾವುದು? ವರ್ಷವರ್ಷವೂ ಪುಸ್ತಕ ಕೊಳ್ಳುವವರನ್ನು ಕಾಡುವ ಪ್ರಶ್ನೆಯಿದು. ಚಿತ್ರಗಳ ಅಂದವನ್ನಾಗಲಿ ಪುಟಗಳ ಸಂಖ್ಯೆಯನ್ನಾಗಲಿ ನೋಡಿ ಇದನ್ನು ತೀರ್ಮಾನಿಸಲಾಗದು. 1861ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಸಣ್ಣ ಪುಸ್ತಕವನ್ನು ಪರಿಶೀಲಿಸಿದರೆ ನಮ್ಮ ಆಯ್ಕೆಗೆ ತಕ್ಕ ಒರೆಗಲ್ಲೊಂದು ದೊರೆಯುವುದು. ಅದು ಮೈಕೇಲ್ ಫ್ಯಾರಡೆಯು ಮೇಣದಬತ್ತಿಯ ರಾಸಾಯನಿಕ ಚರಿತ್ರೆಯನ್ನು ಕುರಿತು ಮಾಡಿದ ಆರು ಉಪನ್ಯಾಸಗಳ ಸಂಗ್ರಹ.

ಫ್ಯಾರಡೆಯು 1791ರಲ್ಲಿ ಬಡ ಕಮ್ಮಾರನೊಬ್ಬನ ಮಗನಾಗಿ ಜನಿಸಿದನು. ಶಾಲೆಯ ವಿದ್ಯೆ ಅವನಿಗೆ ದೊರೆತುದು ಅತ್ಯಲ್ಪ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಏಳು ವರ್ಷ ಕೆಲಸ ಕಲಿತನು. ಕೈಯಲ್ಲಿ ಹೊಲಿಯುತ್ತಿದ್ದ ಪುಸ್ತಕಗಳನ್ನೇ ಅವನು ಓದತೊಡಗಿದನು. ಅವುಗಳಲ್ಲೊಂದು ಜೇನ್ ಮಾರ್ಸೆಟ್ ಎಂಬ ಮಹಿಳೆಯು ರಸಾಯನಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ತಿಳಿಸಿದ ಗ್ರಂಥ. ಅದರಲ್ಲಿ ಗುರುವಾದ ಹೆಂಗಸೊಬ್ಬಳು ಇಬ್ಬರು ಬಾಲಕಿಯರೊಡನೆ ಮಾತನಾಡುತ್ತಾಳೆ. ಮೊದಲ ಮುದ್ರಣದಲ್ಲಿ ಲೇಖಕಿಯ ಹೆಸರೇ ಇರಲಿಲ್ಲ. ಫ್ಯಾರಡೆಯಾದರೋ ಅದರಲ್ಲಿ ಬರೆದುದನ್ನು ಸುಮ್ಮನೆ ನಂಬಲಿಲ್ಲ. ತನ್ನ ಅಲ್ಪ ಸಾಧನಗಳಿಂದಲೇ ಪ್ರಯೋಗ ಮಾಡಿ ನೋಡಿದನು; ಗ್ರಂಥದ ಮಾತು ನಿಜವೆಂದು ಕಂಡನು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಸಹಾಯಕನಾಗಿ ಸೇರಿದನು.

ಅದೇ ಸಂಸ್ಥೆಯಲ್ಲಿ ಬಾಲಕರಿಗಾಗಿ ಕ್ರಿಸ್‌ಮಸ್ ಕಾಲದ ಉಪನ್ಯಾಸಗಳು 1825ರಲ್ಲಿ ಆರಂಭವಾದವು. ಫ್ಯಾರಡೆಯು ಹತ್ತೊಂಬತ್ತು ಬಾರಿ ಈ ಮಾಲೆಯನ್ನು ನಡೆಸಿಕೊಟ್ಟನು. 1860–61ರ ಕೊನೆಯ ಮಾಲೆಯನ್ನು ವಿಲಿಯಂ ಕ್ರೂಕ್ಸನು ಪುಸ್ತಕರೂಪಕ್ಕೆ ತಂದನು.

ಈ ಗ್ರಂಥದ ಹಿರಿಮೆ ಎಲ್ಲಿದೆ? ಹತ್ತಿಸಿದ ಬತ್ತಿಯೊಂದನ್ನು ಎದುರಿಗಿಟ್ಟುಕೊಂಡರೆ ತಿಳಿಯುವುದು. ಕರಗಿದ ಮೇಣ ಬತ್ತಿಯ ಸುತ್ತ ಪುಟ್ಟ ಬಟ್ಟಲಿನಲ್ಲಿ ನಿಂತಂತೆ ನಿಲ್ಲುತ್ತದೆ. ಜ್ವಾಲೆಯ ಬಿಸಿಗೆ ಮೇಲೇರುವ ಗಾಳಿ ಬತ್ತಿಯ ಹೊರ ಅಂಚನ್ನು ತಂಪಾಗಿಡುವುದರಿಂದ ಅಂಚು ಕರಗದೆ ಉಳಿಯುವುದು. ದ್ರವವಾದ ಮೇಣ ಹತ್ತಿಯ ನೂಲಿನ ಸಂದುಗಳಲ್ಲಿ ತಾನಾಗಿ ಮೇಲೇರಿ, ಆವಿಯಾಗಿ ಉರಿಯುವುದು. ಬತ್ತಿಯನ್ನು ಊದಿ ಆರಿಸಿ, ಮೇಲೇಳುವ ಬಿಳಿಯ ಹೊಗೆಗೆ ಒಡನೆಯೇ ಉರಿಯುವ ಕಡ್ಡಿಯನ್ನು ಒಡ್ಡಿರಿ. ನೂಲನ್ನು ಮುಟ್ಟುವ ಮೊದಲೇ ಬೆಂಕಿ ಹೊಗೆಯ ದಾರಿಯಲ್ಲಿ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುವುದು. ಉರಿಯುವುದು ಮೇಣದ ಆವಿಯೆಂಬುದಕ್ಕೆ ಇದೇ ಸಾಕ್ಷಿ. (ಮಕ್ಕಳು ಇದನ್ನು ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು.)

ಜ್ವಾಲೆಯ ಮೇಲೆ, ತುಸು ದೂರದಲ್ಲಿ, ತಣ್ಣನೆಯ ಲೋಹದ ಚಮಚವನ್ನು ಕ್ಷಣಕಾಲ ಹಿಡಿದರೆ ಅದರ ಮೇಲೆ ತೇವ ಕೂಡುವುದು. ಮೇಣದಲ್ಲಿನ ಜಲಜನಕವು ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗಿದೆ! ಮೇಣದಲ್ಲಿನ ಇಂಗಾಲದ ಕಣಗಳು ಕಾದು ಬೆಳಗಿ, ಬಳಿಕ ಉರಿದು ಇಂಗಾಲದ ಡೈ ಆಕ್ಸೈಡ್ ಆಗುತ್ತವೆ. ಈ ಅನಿಲವು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸುವುದು. ನಾವು ಹೊರಬಿಡುವ ಉಸಿರೂ ಅದನ್ನೇ ಮಾಡುವುದು. ಬತ್ತಿಯಲ್ಲಿ ಮೇಣ ಹೇಗೋ ದೇಹದಲ್ಲಿ ಆಹಾರವೂ ಹಾಗೆಯೇ ಆಮ್ಲಜನಕದೊಡನೆ ಕೂಡುತ್ತದೆ. ಆದರೆ ಅಲ್ಲಿ ಜ್ವಾಲೆಯಿಲ್ಲ, ಕ್ರಿಯೆ ಹಂತಹಂತವಾಗಿ ನಡೆಯುವುದು. ಹೀಗೆ ಕೈಯಳತೆಯ ವಸ್ತುವಿನಿಂದ ಹೊರಟ ವಿಚಾರವು ಜೀವದ ರಹಸ್ಯದವರೆಗೆ ಸಾಗುವುದು. ಮಗು ಇಲ್ಲಿ ಚೋದ್ಯವನ್ನು ಕಾಣುತ್ತದೆ, ಹಿರಿಯರು ಕಾರ್ಯಕಾರಣಗಳ ಸರಪಣಿಯನ್ನು ಕಾಣುತ್ತಾರೆ.

ನಮ್ಮ ನುಡಿಯಲ್ಲಿಯೂ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಹಿರಿಯರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು. ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಗಿಡಮರಗಳ ಬಳಿಗೆ ಓದುಗನನ್ನು ಕರೆದೊಯ್ಯುವ ಗ್ರಂಥವದು.

ಆದುದರಿಂದ ಪುಸ್ತಕವನ್ನು ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಕಣ್ಣಿಗೆ ಕಾಣುವ ವಸ್ತುವಿನಿಂದ ಇದು ತೊಡಗುವುದೇ? ‘ಹೀಗೆ’ ಎಂದು ಹೇಳಿ ಸುಮ್ಮನಾಗದೆ ‘ಏಕೆ ಹೀಗೆ’ ಎಂಬುದನ್ನು ತಿಳಿಸುವುದೇ? ಓದಿದವನು ಪುಸ್ತಕವನ್ನು ಕೆಳಗಿಟ್ಟು ತಾನೇ ಪರೀಕ್ಷಿಸಿ ನೋಡುವಂತೆ ಪ್ರೇರಿಸುವುದೇ? ಮೂರಕ್ಕೂ ಹೌದೆಂದು ಉತ್ತರ ಬಂದರೆ ಆ ಪುಸ್ತಕ ಮನೆಗೆ ಬರಲಿ. ಹೆಸರಿಲ್ಲದೆ ಪ್ರಕಟವಾದ ಅಂತಹುದೊಂದು ಪುಸ್ತಕವೇ ರಟ್ಟು ಕಟ್ಟುವ ಹುಡುಗನನ್ನು ವಿಜ್ಞಾನದ ಹಾದಿಗೆ ಹಚ್ಚಿತೆಂಬುದನ್ನು ನಾವು ಮರೆಯಬಾರದು.