ಕಾಯಿಸಿದರೆ ಹೋಗದ ವಿಷ: ಎಂಟನೇ ತರಗತಿಯ ಜಲಮಾಲಿನ್ಯ ಪಾಠದ ಬಗ್ಗೆ

ಅಭ್ಯಾಸ ಬೋಧನೆಗೆ ಮಾಲಿನ್ಯದ ಘಟಕವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಬಹಳ ಮಂದಿ. ಪಾಠ ಸುಲಭ, ಚಾರ್ಟು ಸಿದ್ಧವಾಗಿಯೇ ಸಿಗುತ್ತದೆ, ಮಕ್ಕಳೂ ಉತ್ತರ ಹೇಳುತ್ತಾರೆ ಎಂಬುದು ಕಾರಣ. ಹೊಗೆ ಉಗುಳುವ ಚಿಮಣಿ, ನೊರೆ ತುಂಬಿದ ಹೊಳೆ, ತೇಲುವ ಸತ್ತ ಮೀನು; ಕಪ್ಪುಹಲಗೆಯ ಮೇಲೆ ಕಾರಣ, ಪರಿಣಾಮ, ನಿಯಂತ್ರಣ ಎಂದು ಮೂರು ಅಂಕಣ. ಎರಡನೆಯ ಅಂಕಣದಲ್ಲಿ ‘ಮನುಷ್ಯರಿಗೆ ರೋಗಗಳು ಬರುತ್ತವೆ’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಯಾವ ವಸ್ತುವಿನಿಂದ ಯಾವ ರೋಗ, ಆ ವಸ್ತು ದೇಹದೊಳಗೆ ಹೋದದ್ದು ಹೇಗೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ನಲವತ್ತು ನಿಮಿಷ ಮುಗಿಯುತ್ತದೆ.

ಬ್ಯಾಡರಹಳ್ಳಿಯ ಸುತ್ತಿನ ಶಾಲೆಗಳಲ್ಲಿ ಈ ಪಾಠವನ್ನು ಇಷ್ಟಕ್ಕೆ ಬಿಡುವುದು ಸರಿಯಲ್ಲ. ಇಲ್ಲಿಂದ ಈಶಾನ್ಯಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ. ದಕ್ಷಿಣಕ್ಕೆ ಕೆಂಗೇರಿ, ಅದರ ಪಕ್ಕದಲ್ಲಿ ಹರಿಯುವ ವೃಷಭಾವತಿ. ಈ ನದಿ ನಗರದ ಪಶ್ಚಿಮ ಭಾಗದ ಮನೆಗಳ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಹೋಗಿ, ಮುಂದೆ ಅರ್ಕಾವತಿಯನ್ನು ಸೇರಿ, ಅದರೊಂದಿಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಪೀಣ್ಯದಲ್ಲಿ ಲೋಹಕ್ಕೆ ಲೇಪ ಕೊಡುವ ಚಿಕ್ಕ ಚಿಕ್ಕ ಘಟಕಗಳು ಬಹಳ. ಅಲ್ಲಿನ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಮಿತಿ ಮೀರಿ ಕಂಡುಬಂದಿದೆ. ವಿದ್ಯುಲ್ಲೇಪನದ ಪಾಠದಲ್ಲಿ ಸೈಕಲ್ ಹ್ಯಾಂಡಲ್, ನಲ್ಲಿಗಳ ಹೊಳಪಿಗೆ ಕ್ರೋಮಿಯಂ ಬಳಸುತ್ತಾರೆ ಎಂದು ನಾವೇ ಕಲಿಸುತ್ತೇವೆ. ತೊಟ್ಟಿಯಲ್ಲಿ ಉಳಿದ ದ್ರಾವಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಸಾಕು, ಆ ಪಾಠವೂ ಮಾಲಿನ್ಯದ ಪಾಠವೂ ಒಂದಾಗುತ್ತವೆ.

ಈ ಸಾಲಿನಲ್ಲಿ ನಾನು ವೀಕ್ಷಿಸಿದ ಒಂದು ಪಾಠದಲ್ಲಿ ಪ್ರಶಿಕ್ಷಣಾರ್ಥಿ ಇದನ್ನೇ ಕೇಳಿದರು. ಚರ್ಚೆ ಕೊಳವೆಬಾವಿಯವರೆಗೆ ಬಂತು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ನಮ್ಮಮ್ಮ ನೀರು ಕಾಯ್ಸಿ, ಸೋಸಿ ಕೊಡ್ತಾರೆ. ನಮಗೇನೂ ಆಗಲ್ಲ” ಎಂದಳು. ತರಗತಿಯ ಬಹುಪಾಲು ಮಕ್ಕಳು ಹೌದೆಂದು ತಲೆಯಾಡಿಸಿದರು. ಪ್ರಶಿಕ್ಷಣಾರ್ಥಿ “ಒಳ್ಳೆಯ ಅಭ್ಯಾಸ” ಎಂದು ಹೇಳಿ ಮುಂದಿನ ಅಂಶಕ್ಕೆ ಹೋದರು. ಆ ಪಾಠದ ನಿಜವಾದ ಬೋಧನಾಂಶ ಆ ಕ್ಷಣದಲ್ಲಿ ಎದುರಿಗೇ ಬಂದು ನಿಂತಿತ್ತು.

ಆ ತಾಯಿ ಮಾಡುವುದು ತಪ್ಪೇನಲ್ಲ. ಕುದಿಸಿದ ನೀರಿನಲ್ಲಿ ಕಾಲರಾ, ಟೈಫಾಯ್ಡಿನ ರೋಗಾಣು ಸಾಯುತ್ತದೆ. ನಮ್ಮ ಶಾಲೆಗಳು, ಆಶಾ ಕಾರ್ಯಕರ್ತೆಯರು ವರ್ಷಗಟ್ಟಲೆ ಹೇಳಿ ಹೇಳಿ ಮನೆಮನೆಗೆ ಮುಟ್ಟಿಸಿದ ಪಾಠ ಅದು. ಆದರೆ ಲೋಹ ಜೀವಿಯಲ್ಲ, ಅದಕ್ಕೆ ಸಾವಿಲ್ಲ. ಕುದಿಯುವಾಗ ಆವಿಯಾಗಿ ಹೋಗುವುದು ನೀರು. ಕ್ರೋಮಿಯಂ, ಸೀಸ, ಆರ್ಸೆನಿಕ್, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತವೆ. ಪಾವಗಡ, ಕೋಲಾರದ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿ, ಬೆನ್ನು ಬಾಗಿದವರು ನೀರು ಕಾಯಿಸಲಿಲ್ಲವೆಂದು ಹಾಗಾದವರಲ್ಲ. ಬಟ್ಟೆಯಲ್ಲಿ ಸೋಸಿದರೂ ಕರಗಿದ ವಸ್ತು ನಿಲ್ಲುವುದಿಲ್ಲ. ಅತಿನೇರಳೆ ದೀಪದ ಫಿಲ್ಟರ್ ಕೊಲ್ಲುವುದು ರೋಗಾಣುಗಳನ್ನು ಮಾತ್ರ. ಕರಗಿದ ಲವಣ, ಲೋಹಗಳನ್ನು ಬಹುಮಟ್ಟಿಗೆ ತಡೆಯುವುದು ಆರ್‌ಓ ಪೊರೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಘಟಕಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು ಎಂಬುದನ್ನೂ ಸೇರಿಸಿ ಹೇಳಬೇಕು.

ಇದನ್ನು ಬಾಯಲ್ಲಿ ಹೇಳುವ ಬದಲು ತೋರಿಸಬಹುದು. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು ಕರಗಿಸಿ, ಒಂದು ಲೋಟದಷ್ಟು ತೆಗೆದಿಡಿ. ಉಳಿದದ್ದನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಆರಿಸಿ. ಎರಡನ್ನೂ ಮಕ್ಕಳೇ ನಾಲಗೆಗೆ ಒಂದೊಂದು ಹನಿ ಮುಟ್ಟಿಸಿ ನೋಡಲಿ. ಇದಕ್ಕೆ ಬಿಸಿಯೂಟದ ಅಡುಗೆಮನೆಯ ಪಾತ್ರೆಯೇ ಆಗಬೇಕು. ಪ್ರಯೋಗಾಲಯದ ಬೀಕರಿನಲ್ಲಿಟ್ಟದ್ದನ್ನು ಬಾಯಿಗೆ ಮುಟ್ಟಿಸುವ ಅಭ್ಯಾಸ ಯಾವ ಕಾರಣಕ್ಕೂ ಬೇಡ. ಕುದಿಸಿದ್ದು ಹೆಚ್ಚು ಉಪ್ಪು ಎಂದು ಮಕ್ಕಳೇ ಹೇಳಿದ ಮೇಲೆ, ‘ಉಪ್ಪಿನ ಜಾಗದಲ್ಲಿ ರುಚಿಯಿಲ್ಲದ, ಬಣ್ಣವಿಲ್ಲದ ವಸ್ತು ಇದ್ದಿದ್ದರೆ ಹೇಗೆ ಗೊತ್ತಾಗುತ್ತಿತ್ತು?’ ಎಂದು ಕೇಳಿ. ಪ್ರಯೋಗಾಲಯದ ಪರೀಕ್ಷೆ ಏಕೆ ಬೇಕೆಂಬುದು ಅಲ್ಲಿಂದಲೇ ಬರುತ್ತದೆ.

ಇನ್ನು ಪ್ರಮಾಣ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಕ್ರೋಮಿಯಂ ಒಟ್ಟು ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಈ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದರೆ ಮಕ್ಕಳಿಗೆ ಏನೂ ಕಾಣುವುದಿಲ್ಲ. ಲೆಕ್ಕ ಮಾಡಿಸಿ: ಒಂದು ಗ್ರಾಂ ಎಂದರೆ 1000 ಮಿಲಿಗ್ರಾಂ, ಅದನ್ನು 0.05ರಿಂದ ಭಾಗಿಸಿದರೆ 20,000. ಒಂದೇ ಒಂದು ಗ್ರಾಂ ಕ್ರೋಮಿಯಂ 20,000 ಲೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. 5,000 ಲೀಟರಿನ ನೀರಿನ ಟ್ಯಾಂಕರ್ ಆದರೆ ನಾಲ್ಕು. ಬೇಸಿಗೆಯಲ್ಲಿ ಬೀದಿಗೆ ಬರುವ ಟ್ಯಾಂಕರನ್ನು ದಿನವೂ ನೋಡುವ ಮಕ್ಕಳು ಈ ಲೆಕ್ಕವನ್ನು ಮರೆಯಲಾರರು. ಮಿತಿ ಎಂದರೆ ಏನೆಂಬುದನ್ನೂ ಇಲ್ಲೇ ಹೇಳಬೇಕು: ಅದನ್ನು ದಾಟಿದ ನೀರು ಒಂದು ಲೋಟ ಕುಡಿದವರು ಬೀಳುವುದಿಲ್ಲ; ವರ್ಷಗಳ ಕಾಲ ದಿನವೂ ಕುಡಿಯುವವರಿಗಾಗಿ ಹಾಕಿದ ಗೆರೆ ಅದು.

ಒಂದೇ ವಿಷ ಹೋಗುವ ದಾರಿ ಬದಲಾದರೆ ಪರಿಣಾಮವೂ ಬದಲಾಗುತ್ತದೆ. ಪಾಠ ಯೋಜನೆಗಳಲ್ಲಿ ಸಂಪೂರ್ಣ ಬಿಟ್ಟುಹೋಗುವ ಅಂಶ ಇದು. ಲೇಪನದ ತೊಟ್ಟಿಯ ಮುಂದೆ ನಿಂತು ಕೆಲಸ ಮಾಡುವವನಿಗೆ ಕ್ರೋಮಿಕ್ ಆಮ್ಲದ ಮಂಜು ಮೂಗಿನಿಂದ ಹೋಗುತ್ತದೆ: ಮೂಗಿನ ಒಳಗೋಡೆ ಹುಣ್ಣಾಗಿ ತೂತು ಬೀಳಬಹುದು, ಕೈಯ ಚರ್ಮದಲ್ಲಿ ಗುಳಿಗಳಾಗಬಹುದು, ಬಹುಕಾಲದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ನೀರಿನ ಮೂಲಕ ಹೊಟ್ಟೆಗೆ ಹೋದರೆ ಅಲ್ಲಿನ ಆಮ್ಲ ಅದರ ಹೆಚ್ಚಿನ ಪಾಲನ್ನು ಕಡಿಮೆ ಅಪಾಯದ ಟ್ರೈವೇಲೆಂಟ್ ರೂಪಕ್ಕೆ ತಿರುಗಿಸುತ್ತದೆ. ತಪ್ಪಿಸಿಕೊಂಡದ್ದು ರಕ್ತ ಸೇರಿ ಯಕೃತ್ತು, ಮೂತ್ರಪಿಂಡಗಳಿಗೆ ಹೊರೆಯಾಗುತ್ತದೆ. ಮೂರನೆಯ ದಾರಿ ಊಟದ್ದು. ಬೈರಮಂಗಲದ ಕೆಳಗಿನ ಹೊಲಗಳಲ್ಲಿ ವೃಷಭಾವತಿಯ ನೀರಿನಿಂದಲೇ ಹುಲ್ಲು, ತರಕಾರಿ ಬೆಳೆದಿದ್ದಾರೆ; ಲೋಹ ಮಣ್ಣಿನಲ್ಲಿ ಕೂತು ಬೇರಿನ ಮೂಲಕ ಏರುತ್ತದೆ. ನಗರದವರು ಹರಿಯಬಿಟ್ಟದ್ದು ಸೊಪ್ಪಿನ ಕಟ್ಟಿನಲ್ಲಿ ನಗರಕ್ಕೇ ವಾಪಸು ಬರಬಹುದು ಎಂದರೆ ಮಕ್ಕಳು ಕಿವಿ ನಿಮಿರಿಸುತ್ತಾರೆ. ಸೀಸದ ವಿಚಾರವನ್ನು ಚುಟುಕಾಗಿ ಹೇಳಿದರೂ ಸಾಕು: ನುಂಗಿದ ಸೀಸವನ್ನು ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು, ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ.

‘ಕಾರ್ಖಾನೆಯಿಂದಲೇ ರೋಗ ಬಂತು ಎಂದು ಹೇಗೆ ಗೊತ್ತು?’ ಎಂದು ಚುರುಕಾದ ಮಗು ಕೇಳೀತು. ಕೇಳಬೇಕು. ಉತ್ತರಕ್ಕೆ ನಮ್ಮ ಭಾಷೆಯದೇ ನೆಲದಲ್ಲಿ ಒಳ್ಳೆಯ ಉದಾಹರಣೆಯಿದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಸಿಂಪಡಿಸಿದರು. ಒಂದೇ ಊರಿನಲ್ಲಿ ಇಷ್ಟೊಂದು ಮಕ್ಕಳಿಗೆ ಬುದ್ಧಿಮಾಂದ್ಯ, ಅಂಗವೈಕಲ್ಯ, ಅಪಸ್ಮಾರ ಏಕೆ ಎಂದು ಮೊದಲು ಪ್ರಶ್ನಿಸಿದವರಲ್ಲಿ ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಒಬ್ಬರು. ಅದನ್ನು ಹೊರಜಗತ್ತಿಗೆ ತಿಳಿಸಿದವರು ಪತ್ರಕರ್ತ ಶ್ರೀ ಪಡ್ರೆ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಸಿಂಪಡಣೆ ನಡೆದ ಊರಿನ ಶಾಲಾ ಮಕ್ಕಳನ್ನು ಸಿಂಪಡಣೆ ಇಲ್ಲದ ಊರಿನ ಮಕ್ಕಳ ಜೊತೆ ಹೋಲಿಸಿ ನೋಡಿತು. ವರದಿಯ ಮೇಲೆ ವಾದಗಳೂ ನಡೆದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಯನ್ನು ದೇಶದಾದ್ಯಂತ ತಡೆಯಿತು. ಗಮನಿಸುವುದು, ದಾಖಲಿಸುವುದು, ಹೋಲಿಸುವುದು ಎಂಬ ವಿಜ್ಞಾನದ ವಿಧಾನವನ್ನು ಇದಕ್ಕಿಂತ ಚೆನ್ನಾಗಿ ಯಾವ ಪೀಠಿಕೆ ಕಲಿಸೀತು?

ಒಂದು ಎಚ್ಚರಿಕೆಯನ್ನು ನಮ್ಮ ವೀಕ್ಷಣಾ ನಮೂನೆಯ ಯಾವ ಕಲಮೂ ಕೇಳುವುದಿಲ್ಲ. ಈ ಭಾಗದ ತರಗತಿಗಳಲ್ಲಿ ಲೇಪನದ ಘಟಕಗಳಲ್ಲಿ, ಬ್ಯಾಟರಿ ಅಂಗಡಿಗಳಲ್ಲಿ ದುಡಿಯುವವರ ಮಕ್ಕಳು ಇದ್ದೇ ಇರುತ್ತಾರೆ. ‘ಕಾರ್ಖಾನೆಯವರು ವಿಷ ಬಿಡುತ್ತಾರೆ’ ಎಂಬ ವಾಕ್ಯವನ್ನು ಆ ಮಗು ತನ್ನ ಅಪ್ಪನ ಮೇಲಿನ ಮಾತಾಗಿ ಕೇಳಿಸಿಕೊಳ್ಳುತ್ತದೆ. ಅದೇ ಪಾಠವನ್ನು ದುಡಿಯುವವನ ಕಡೆಯಿಂದ ಶುರು ಮಾಡಿ: ಮೊದಲು ಮತ್ತು ಹೆಚ್ಚು ವಿಷ ತಾಗುವುದು ಅವನಿಗೇ. ಕೈಗವಸು, ಮಂಜನ್ನು ಹೊರಗೆಳೆಯುವ ಫ್ಯಾನು, ಊಟಕ್ಕೆ ಮುಂಚೆ ಕೈ ತೊಳೆಯುವುದು, ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಒಗೆಯದಿರುವುದು, ಇವು ಮಗು ಮನೆಗೆ ಒಯ್ಯಬಹುದಾದ ಮಾತುಗಳು. ತ್ಯಾಜ್ಯ ನೀರಿನ ಸಂಸ್ಕರಣೆ ಮಾಲೀಕನ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಜವಾಬ್ದಾರಿ. ಅದನ್ನು ಹದಿಮೂರು ವರ್ಷದವರ ‘ಒಳ್ಳೆಯ ಅಭ್ಯಾಸ’ಗಳ ಪಟ್ಟಿಗೆ ಸೇರಿಸುವುದು ಬೇಡ.

ಮೌಲ್ಯಮಾಪನಕ್ಕೆ ‘ಜಲಮಾಲಿನ್ಯದ ನಾಲ್ಕು ಪರಿಣಾಮಗಳನ್ನು ಬರೆಯಿರಿ’ ಎಂಬುದನ್ನು ಕೈಬಿಟ್ಟು ಇದನ್ನು ಕೊಟ್ಟು ನೋಡಿ: ‘ಒಂದು ಕೊಳವೆಬಾವಿಯ ನೀರಿನಲ್ಲಿ ರೋಗಾಣುಗಳಿವೆ, ಇನ್ನೊಂದರಲ್ಲಿ ಕ್ರೋಮಿಯಂ ಇದೆ. ಎರಡೂ ತಿಳಿಯಾಗಿ ಕಾಣುತ್ತವೆ. ಯಾವ ನೀರನ್ನು ಏನು ಮಾಡಿ ಕುಡಿಯಬಹುದು? ಏಕೆ?’ ಎರಡನ್ನೂ ಕಾಯಿಸಿ ಕುಡಿಯಬಹುದು ಎಂದು ಬರೆದ ಉತ್ತರ ಪತ್ರಿಕೆಗಳನ್ನು ಬೇರೆ ಎತ್ತಿಟ್ಟು, ಮರುದಿನ ಉಪ್ಪುನೀರಿನ ಪಾತ್ರೆಯನ್ನು ಆ ಮಕ್ಕಳ ಕೈಗೇ ಕೊಟ್ಟು ಇನ್ನೊಮ್ಮೆ ಮಾಡಿಸಬೇಕು.