ಬ್ಯಾಂಕಿನ ಮೊದಲ ಹುದ್ದೆ: ಹುಡುಕುವ ಬಗೆ ಮತ್ತು ಸಂದರ್ಶನದ ತಯಾರಿ

ಪದವಿ ಮುಗಿಸಿದ ಮಗನೋ ಮಗಳೋ ಇಲ್ಲದ ಬೆಳೆಗಾರರ ಮನೆ ಈಗ ವಿರಳ. ಎರಡು ಮೂರು ಎಕರೆ ಅಡಿಕೆ, ಅದರೊಳಗೆ ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಇಷ್ಟರಲ್ಲಿ ಎರಡು ಸಂಸಾರ ಸಾಗುವುದು ಕಷ್ಟ. ಕೊಳೆರೋಗ ಜೋರಾದ ವರ್ಷ ಒಂದು ಸಂಸಾರವೂ ಸಾಗದು. ಮನೆಯಲ್ಲಿ ಒಬ್ಬರಿಗೆ ತಿಂಗಳ ಸಂಬಳವಿದ್ದರೆ ಕೆಟ್ಟ ವರ್ಷದಲ್ಲಿಯೂ ತೋಟಕ್ಕೆ ಗೊಬ್ಬರ ಬೀಳುತ್ತದೆ, ಚಿನ್ನ ಅಡವಿಗೆ ಹೋಗುವುದಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಬ್ಯಾಂಕಿನ ಆರಂಭದ ಹುದ್ದೆಗಳನ್ನು ಕುರಿತು ಕೆಲವು ವಿಷಯಗಳನ್ನು ಕ್ರಮವಾಗಿ ತಿಳಿಸಲಾಗಿದೆ. ಮಕ್ಕಳು ಓದಲಿ, ಹಿರಿಯರೂ ಓದಲಿ. ಇದರಲ್ಲಿ ಅರ್ಧದಷ್ಟು ಕೆಲಸ ಹಿರಿಯರದೇ ಆಗಿದೆ.

ಹಿಂದಿನ ಕಾಲ, ಈಗಿನ ಕಾಲ

ಕರಾವಳಿ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಆರಂಭಿಸಿದ ಸಂಸ್ಥೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಆಗ ಊರಿನ ಗಣ್ಯರೊಬ್ಬರ ಶಿಫಾರಸು ಹಿಡಿದುಕೊಂಡು ಹೋದರೆ ಗುಮಾಸ್ತನ ಕೆಲಸ ಸಿಗುತ್ತಿದ್ದುದುಂಟು.

ಈಗ ಆ ದಾರಿ ಇಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಸರ್ಕಾರಿ ಬ್ಯಾಂಕುಗಳಿಗೆ ಈಗ ಇಡೀ ದೇಶಕ್ಕೆ ಒಂದೇ ಬಗೆಯ ಪರೀಕ್ಷೆ. ಪರಿಚಯದ ಮ್ಯಾನೇಜರರು ಎಷ್ಟೇ ಒಳ್ಳೆಯವರಾದರೂ ಅವರ ಕೈಯಲ್ಲಿ ಒಂದು ಹುದ್ದೆಯೂ ಇಲ್ಲವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಹುದ್ದೆಗಳು ಎಲ್ಲೆಲ್ಲಿವೆ?

1. ಸರ್ಕಾರಿ ಬ್ಯಾಂಕುಗಳು: ಸ್ಟೇಟ್ ಬ್ಯಾಂಕ್ ತನ್ನ ಪರೀಕ್ಷೆಯನ್ನು ತಾನೇ ನಡೆಸುತ್ತದೆ. ಉಳಿದ ಸರ್ಕಾರಿ ಬ್ಯಾಂಕುಗಳಿಗೆ ಮುಂಬಯಿಯ ಐಬಿಪಿಎಸ್ ಸಂಸ್ಥೆ ಪರೀಕ್ಷೆ ನಡೆಸುತ್ತದೆ. ಗುಮಾಸ್ತ ಹುದ್ದೆಗೆ ಯಾವುದೇ ಪದವಿ ಸಾಕು. ವಯಸ್ಸು 20ರಿಂದ 28. ಹಿಂದುಳಿದ ವರ್ಗದವರಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ ಉಂಟು. ಇತ್ತೀಚಿನ ಪ್ರಕಟಣೆಯಲ್ಲಿ ಈ ಹುದ್ದೆಯ ಹೆಸರು ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಎಂದಾಗಿದೆ. ಹೆಸರು ಹೊಸದು, ಕೆಲಸ ಅದೇ. ಪ್ರೊಬೇಷನರಿ ಆಫೀಸರ್ ಹುದ್ದೆಗೆ ವಯಸ್ಸು 20ರಿಂದ 30.

2. ಗ್ರಾಮೀಣ ಬ್ಯಾಂಕು: ನಮ್ಮ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ; ಕೇಂದ್ರ ಕಚೇರಿ ಬಳ್ಳಾರಿ. ಇದರ ಆಫೀಸ್ ಅಸಿಸ್ಟೆಂಟ್ ಹುದ್ದೆಗೆ 18 ವರ್ಷ ತುಂಬಿದ ಪದವೀಧರರು ಅರ್ಹರು.

3. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು: ಇವು ತಮ್ಮದೇ ಪ್ರಕಟಣೆ ಹೊರಡಿಸುತ್ತವೆ. ಲಿಖಿತ ಪರೀಕ್ಷೆಯಲ್ಲಿ ಕನ್ನಡ ಭಾಷೆಗೂ ಸಹಕಾರ ವಿಷಯಕ್ಕೂ ಅಂಕಗಳಿರುತ್ತವೆ. ಕೃಷಿ ಪತ್ತಿನ ಸಂಘದ ವ್ಯವಹಾರ ಕಂಡವರಿಗೆ ಇದು ಪರಿಚಿತ ಅಂಗಳ.

4. ಖಾಸಗಿ ಬ್ಯಾಂಕುಗಳು: ಆಯಾ ಬ್ಯಾಂಕಿನ ಸ್ವಂತ ಜಾಲತಾಣದಲ್ಲಿ ಮಾತ್ರ ಅರ್ಜಿ ಹಾಕಬೇಕು. ಕೆಲವದರಲ್ಲಿ ಠೇವಣಿ, ವಿಮೆ ಮಾರುವ ಗುರಿಯಿರುತ್ತದೆ. ಕೆಲಸ ಏನೆಂದು ಕೇಳಿ ತಿಳಿದೇ ಸೇರತಕ್ಕದ್ದು.

ಬ್ಯಾಂಕುಗಳು ಅಪ್ರೆಂಟಿಸ್ ತರಬೇತಿಗೂ ಜನರನ್ನು ಕರೆಯುತ್ತವೆ. ಅದು ನಿಗದಿತ ಅವಧಿಯ ತರಬೇತಿ, ಭತ್ಯೆ ಸಿಗುತ್ತದೆ. ಖಾಯಂ ನೌಕರಿಯ ಭರವಸೆ ಅದರಲ್ಲಿಲ್ಲ.

ಪರೀಕ್ಷೆಯ ಸ್ವರೂಪ

ಗುಮಾಸ್ತ ಹುದ್ದೆಗೆ ಎರಡು ಹಂತ. ಪೂರ್ವಭಾವಿ ಪರೀಕ್ಷೆಯಲ್ಲಿ 100 ಪ್ರಶ್ನೆ: ಇಂಗ್ಲಿಷ್ 30, ಲೆಕ್ಕ 35, ತರ್ಕ 35. ಒಂದೊಂದು ಭಾಗಕ್ಕೂ 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇದು ಜರಡಿ ಮಾತ್ರ. ಇದರ ಅಂಕ ಕೊನೆಯ ಪಟ್ಟಿಗೆ ಸೇರುವುದಿಲ್ಲ. ಆಯ್ಕೆ ನಿರ್ಧಾರವಾಗುವುದು ಮುಖ್ಯ ಪರೀಕ್ಷೆಯ ಅಂಕದಿಂದ. ಇಂಗ್ಲಿಷ್ ಭಾಷೆಯ ಭಾಗವೊಂದನ್ನು ಬಿಟ್ಟು ಉಳಿದ ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಓದಿ ಉತ್ತರಿಸುವ ಅವಕಾಶವಿದೆ. ಅರ್ಜಿ ತುಂಬುವಾಗಲೇ ಭಾಷೆಯನ್ನು ಆರಿಸಬೇಕು.

ಗುಮಾಸ್ತ ಹುದ್ದೆಗೆ ರಾಜ್ಯದ ಭಾಷೆ ಬರಲೇಬೇಕು. ದೂರದ ಊರಿನ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ಓದಿದ ನಮ್ಮ ಮಕ್ಕಳಲ್ಲಿ ಕನ್ನಡ ಮಾತನಾಡುವವರು ಬಹಳ, ತಪ್ಪಿಲ್ಲದೆ ಬರೆಯುವವರು ಕಡಿಮೆ. ಅಂಥವರು ದಿನಕ್ಕೊಂದು ಪುಟ ಪತ್ರಿಕೆಯಿಂದ ನಕಲು ಮಾಡುವ ಅಭ್ಯಾಸ ಇಟ್ಟುಕೊಳ್ಳಲಿ. ಇಷ್ಟು ದೂರ ಬಂದು ಮಾತೃಭಾಷೆಯಲ್ಲಿ ಎಡವಿದರೆ ಅದಕ್ಕಿಂತ ಬೇಸರದ ಸಂಗತಿ ಬೇರೆ ಇಲ್ಲ.

ಅರ್ಜಿಗಳನ್ನು ಮಳೆಗಾಲದಲ್ಲಿ ಕರೆಯುವುದೇ ಹೆಚ್ಚು. ನಮ್ಮ ಕಡೆ ಆಗ ಕರೆಂಟೂ ಇಲ್ಲ, ಫೋನಿಗೆ ಸಿಗ್ನಲೂ ಇಲ್ಲ. ಕೊನೆಯ ದಿನದವರೆಗೆ ಕಾಯದೆ ಪ್ರಕಟಣೆ ಬಂದ ವಾರದಲ್ಲೇ ಪೇಟೆಗೆ ಹೋಗಿ ಅರ್ಜಿ ಮುಗಿಸಬೇಕು. ಅರ್ಜಿಯಲ್ಲಿ ಕೊಟ್ಟ ಫೋನ್ ನಂಬರನ್ನೂ ಮಿಂಚಂಚೆ ವಿಳಾಸವನ್ನೂ ನೇಮಕಾತಿ ಮುಗಿಯುವ ತನಕ ಬದಲಿಸಬಾರದು. ಪರೀಕ್ಷೆ ಮಂಗಳೂರಿನಲ್ಲಿರಲಿ ಶಿವಮೊಗ್ಗದಲ್ಲಿರಲಿ, ಹಿಂದಿನ ದಿನವೇ ಊರು ಸೇರಿಕೊಳ್ಳುವುದು ಕ್ಷೇಮ. ಘಾಟಿಯಲ್ಲಿ ಗುಡ್ಡ ಜರಿದರೆ ಪರೀಕ್ಷೆ ನಮಗಾಗಿ ನಿಲ್ಲುವುದಿಲ್ಲ.

ಪ್ರಮಾಣಪತ್ರಗಳು: ಹಿರಿಯರ ಕೆಲಸ

ಹಿಂದುಳಿದ ವರ್ಗದವರಿಗೆ: ಬ್ಯಾಂಕಿಗೆ ಬೇಕಾದುದು ಕೇಂದ್ರ ಸರ್ಕಾರದ ನಮೂನೆಯ ಪ್ರಮಾಣಪತ್ರ. ರಾಜ್ಯದ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ. ಕೆನೆಪದರದ ಆದಾಯ ಮಿತಿ 2017ರಿಂದ 8 ಲಕ್ಷ ರೂಪಾಯಿ. ಸಾಮಾನ್ಯ ಕೃಷಿಯ ಆದಾಯವನ್ನು ಇದಕ್ಕೆ ಲೆಕ್ಕ ಹಿಡಿಯುವುದಿಲ್ಲ; ಅಲ್ಲಿ ನೋಡುವುದು ಭೂಮಿಯ ವಿಸ್ತೀರ್ಣವನ್ನು. ಆದರೆ 1993ರ ಕೇಂದ್ರ ಆದೇಶದ ಪ್ರಕಾರ ಕಾಫಿ, ಚಹಾ, ರಬ್ಬರ್ ತೋಟಗಳವರಿಗೆ ಅನ್ವಯವಾಗುವುದು ಆದಾಯದ ಒರೆಯೇ. ಕಾಫಿ ಬೆಳೆಗಾರರು ಇದನ್ನು ಚೆನ್ನಾಗಿ ನೆನಪಿಡಬೇಕು. ಬೆಲೆ ಏರಿದ ವರ್ಷಗಳ ಲೆಕ್ಕವನ್ನು ಸರಿಯಾಗಿ ಇಟ್ಟುಕೊಂಡೇ ಪತ್ರಕ್ಕೆ ಅರ್ಜಿ ಹಾಕಬೇಕು.

ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿಗೆ: ಇಲ್ಲಿ ನಿಯಮ ಬೇರೆ. ಕೃಷಿಯೂ ಸೇರಿ ಕುಟುಂಬದ ಎಲ್ಲ ಮೂಲದ ಆದಾಯ 8 ಲಕ್ಷಕ್ಕಿಂತ ಕಡಿಮೆಯಿರಬೇಕು. ಜೊತೆಗೆ ಕುಟುಂಬದ ಕೃಷಿಭೂಮಿ 5 ಎಕರೆಗಿಂತ ಕಡಿಮೆಯಿರಬೇಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿ ಜಂಟಿಯಾಗಿದ್ದರೆ ತಹಶೀಲ್ದಾರರ ಕಚೇರಿಯಲ್ಲಿ ಮೊದಲೇ ವಿಚಾರಿಸಿರಿ. ಅರ್ಜಿಯ ಕೊನೆಯ ವಾರದಲ್ಲಿ ಓಡಿದರೆ ಕೆಲಸವಾಗದು.

ಸಾಲದ ಚರಿತ್ರೆ: ಕೆಲಸಕ್ಕೆ ಸೇರುವ ಅಭ್ಯರ್ಥಿಯ ಸಾಲದ ಚರಿತ್ರೆ ಚೊಕ್ಕವಾಗಿರಬೇಕೆಂಬ ಷರತ್ತು ಬ್ಯಾಂಕುಗಳ ಪ್ರಕಟಣೆಗಳಲ್ಲಿ ಬರುತ್ತಿದೆ. ಮಗನ ಹೆಸರಿನ ವಿದ್ಯಾಭ್ಯಾಸ ಸಾಲದ ಕಂತು ನಿಂತಿರಬಹುದು. ತಂದೆಯ ಸಾಲಕ್ಕೆ ಮಗಳು ಸಹಿ ಹಾಕಿ ಜಾಮೀನಾಗಿರಬಹುದು. ಬೈಕಿನ ಸಾಲ ಅರ್ಧದಲ್ಲಿ ಉಳಿದಿರಬಹುದು. ಇವೆಲ್ಲ ಆ ಹೆಸರಿನ ಮುಂದೆ ದಾಖಲಾಗುತ್ತವೆ. ಪರೀಕ್ಷೆಗೆ ಕಟ್ಟುವ ಮೊದಲೇ ಸಿಬಿಲ್ ವರದಿ ತೆಗೆದು ನೋಡಿ, ಬಾಕಿಯಿದ್ದರೆ ತೀರಿಸಿ, ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದಿಟ್ಟುಕೊಳ್ಳಿರಿ.

ಸಂದರ್ಶನ

ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗೆ 2016ರ ನೇಮಕಾತಿಯಿಂದ ಸಂದರ್ಶನವಿಲ್ಲ. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಹುದ್ದೆಗೂ ಇಲ್ಲ. ಆಫೀಸರ್ ಹುದ್ದೆಗಳಿಗೂ ಸಹಕಾರಿ ಹಾಗೂ ಖಾಸಗಿ ಬ್ಯಾಂಕುಗಳಲ್ಲಿಯೂ ಸಂದರ್ಶನ ಉಂಟು. ಐಬಿಪಿಎಸ್ ಆಫೀಸರ್ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20 ಎಂಬ ಪ್ರಮಾಣವಿದೆ.

ಮೇಜಿನ ಆಚೆ ನಾಲ್ಕೈದು ಮಂದಿ ಕುಳಿತಿರುತ್ತಾರೆ. ಅವರು ಅಳೆಯುವುದು ಪಾಂಡಿತ್ಯವನ್ನಲ್ಲ. ಈ ಹುಡುಗನ ಕೈಗೆ ನಗದು ಪೆಟ್ಟಿಗೆಯ ಕೀಲಿ ಕೊಡಬಹುದೇ, ಸಿಟ್ಟಾದ ಗ್ರಾಹಕನ ಮುಂದೆ ಇವನನ್ನು ಕೂರಿಸಬಹುದೇ ಎಂಬುದನ್ನು ಅವರು ನೋಡುತ್ತಾರೆ. ನಮ್ಮ ಮಕ್ಕಳಿಗೆ ಬರಬಹುದಾದ ಕೆಲವು ಪ್ರಶ್ನೆಗಳನ್ನು ಇಲ್ಲಿ ಕೊಟ್ಟಿದೆ.

“ನಿಮಗೆ ತೋಟವಿದೆಯಲ್ಲ, ಈ ಕೆಲಸ ಏಕೆ?” ಇದು ತೋಟದ ಮನೆಯವರಿಗೆ ತಪ್ಪದ ಪ್ರಶ್ನೆ. “ದೇಶಸೇವೆಗೆ” ಎಂಬ ಬಾಯಿಪಾಠದ ಉತ್ತರ ನಿಲ್ಲುವುದಿಲ್ಲ. ನಿಜವನ್ನೇ ಹೇಳಬಹುದು: ಮೂರು ಎಕರೆ ಇದೆ, ಅಣ್ಣ ನೋಡಿಕೊಳ್ಳುತ್ತಾನೆ, ಎರಡು ಸಂಸಾರಕ್ಕೆ ಸಾಲದು, ಲೆಕ್ಕದಲ್ಲಿ ನನಗೆ ಆಸಕ್ತಿಯಿದೆ, ಕೌಂಟರಿನ ಈಚೆ ನಿಂತು ಸಾಲದ ಕಷ್ಟ ಕಂಡಿದ್ದೇನೆ. ಆದರೆ ಈ ಉತ್ತರ ಮನೆಯಲ್ಲಿ ಮೊದಲು ನಿಜವಾಗಿರಬೇಕು. ತೋಟ ಯಾರು ನೋಡುತ್ತಾರೆಂದು ತಂದೆ ತಾಯಿ ಮಕ್ಕಳು ಕುಳಿತು ಮಾತನಾಡದ ಮನೆಯ ಅಭ್ಯರ್ಥಿ ಈ ಪ್ರಶ್ನೆಗೆ ತಡವರಿಸುತ್ತಾನೆ.

“ರಾಯಚೂರಿಗೋ ಬಿಹಾರಕ್ಕೋ ಹಾಕಿದರೆ ಹೋಗುತ್ತೀರಾ?” ಆಫೀಸರನಿಗೆ ದೇಶದ ಯಾವ ಶಾಖೆಯೂ ಆಗಬಹುದು. ಹೋಗಲಾರೆ ಎನ್ನುವವರು ಆಫೀಸರ್ ಹುದ್ದೆಯನ್ನು ಬಿಟ್ಟು ಗುಮಾಸ್ತ ಹುದ್ದೆಗೇ ಕಟ್ಟುವುದು ಲೇಸು.

“ಕಾಫಿಯ ಬೆಲೆ ಯಾರು ನಿಗದಿಮಾಡುತ್ತಾರೆ?” ಅರೇಬಿಕಕ್ಕೆ ನ್ಯೂಯಾರ್ಕ್, ರೊಬಸ್ಟಕ್ಕೆ ಲಂಡನ್ ಮಾರುಕಟ್ಟೆಯ ದರವೇ ಆಧಾರ. ಕಾಫಿ ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಅಡಿಕೆಯ ಬಗ್ಗೆ ಕೇಳಿದರೆ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನಲ್ಲಿ ಆರಂಭವಾದ ಅದರ ಚಾಕೊಲೇಟ್ ಕಾರ್ಖಾನೆ ಇವುಗಳ ವಿಷಯ ತಿಳಿದಿರಬೇಕು. ಸ್ವಂತ ಅಂಗಳದಲ್ಲಿ ಒಣಗುವ ಬೆಳೆಯ ಬಗ್ಗೆ ಬಾಯಿ ಕಟ್ಟಿದರೆ ಮಂಡಳಿಯವರಿಗೆ ಬೇರೆ ಯಾವ ಉತ್ತರದ ಮೇಲೆಯೂ ನಂಬಿಕೆ ಬರಲಾರದು.

“ಹಳದಿ ಎಲೆ ರೋಗದಿಂದ ತೋಟ ಹೋದ ರೈತ ಸಾಲ ಕಟ್ಟಲಾಗದೆ ಬಂದಿದ್ದಾನೆ. ಏನು ಹೇಳುತ್ತೀರಿ?” ಸುಳ್ಯ, ಕೊಪ್ಪ, ಶೃಂಗೇರಿಯ ಕಡೆಯವರಿಗೆ ಇದು ಕಲ್ಪನೆಯ ಪ್ರಶ್ನೆಯಲ್ಲ. ಸಾಲ ಮನ್ನಾ ಮಾಡಿಸುತ್ತೇನೆ ಎನ್ನುವುದು ತಪ್ಪು. ನೋಟಿಸ್ ಕಳುಹಿಸುತ್ತೇನೆ ಎಂದಷ್ಟೇ ಹೇಳುವುದೂ ತಪ್ಪು. ಕೂರಿಸಿ ವಿಷಯ ಕೇಳುವುದು, ಖಾತೆ ನೋಡಿ ಬಾಕಿಯೆಷ್ಟೆಂದು ನಿಖರವಾಗಿ ತಿಳಿಸುವುದು, ಕಂತಿನ ಅವಧಿ ಬದಲಿಸಲು ನಿಯಮದಲ್ಲಿ ಅವಕಾಶವಿದೆಯೇ ಎಂದು ಮ್ಯಾನೇಜರರ ಬಳಿ ಕರೆದೊಯ್ಯುವುದು, ಕೈಯಲ್ಲಿಲ್ಲದ ಭರವಸೆಯನ್ನು ಕೊಡದಿರುವುದು: ಇದು ಒಪ್ಪುವ ಉತ್ತರ.

ಗೊತ್ತಿಲ್ಲದುದಕ್ಕೆ “ತಿಳಿದಿಲ್ಲ ಸರ್, ತಿಳಿದುಕೊಳ್ಳುತ್ತೇನೆ” ಎಂದರೆ ಅಂಕ ಹೋಗುವುದಿಲ್ಲ. ಊಹಿಸಿ ಹೇಳಿ ಸಿಕ್ಕಿಬಿದ್ದರೆ ಹೋಗುತ್ತದೆ. ಇಂಗ್ಲಿಷ್ ನಿಧಾನವಾದರೂ ಚಿಂತೆಯಿಲ್ಲ. ಚಿಕ್ಕ ವಾಕ್ಯಗಳಲ್ಲಿ ಸ್ಪಷ್ಟವಾಗಿ ಮಾತನಾಡಲಿ. ಇಸ್ತ್ರಿ ಮಾಡಿದ ಸಾದಾ ಉಡುಪು ಸಾಕು. ಮೂಲ ಪ್ರಮಾಣಪತ್ರಗಳೂ ಎರಡು ಜೊತೆ ನಕಲುಗಳೂ ಕ್ರಮವಾಗಿ ಜೋಡಿಸಿರಲಿ.

ಕಲಿತಿರಬೇಕಾದ ಕೆಲವು ಸಂಗತಿಗಳು

ರಿಸರ್ವ್ ಬ್ಯಾಂಕ್ ಆರಂಭವಾದುದು 1935ರ ಏಪ್ರಿಲ್ 1ರಂದು, ನಬಾರ್ಡ್ 1982ರಲ್ಲಿ. ಮೊದಲ ಬಾರಿ 14 ಬ್ಯಾಂಕುಗಳ ರಾಷ್ಟ್ರೀಕರಣ 1969ರ ಜುಲೈ 19. ಎರಡನೆಯ ಬಾರಿ 6 ಬ್ಯಾಂಕುಗಳದು 1980ರ ಏಪ್ರಿಲ್ 15. ಠೇವಣಿಗೆ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ. ಚೆಕ್ಕಿನ ಆಯುಷ್ಯ 3 ತಿಂಗಳು. ಆರ್‌ಟಿಜಿಎಸ್ ಮೂಲಕ ಕಳುಹಿಸಬಹುದಾದ ಕನಿಷ್ಠ ಮೊತ್ತ 2 ಲಕ್ಷ. ಸಾಮಾನ್ಯ ಸಾಲದ ಕಂತು 90 ದಿನ ಮೀರಿ ಬಾಕಿಯಾದರೆ ಅದು ಅನುತ್ಪಾದಕ ಸಾಲ. ಬೆಳೆ ಸಾಲಕ್ಕೆ ದಿನಗಳ ಬದಲು ಬೆಳೆಯ ಹಂಗಾಮು ಲೆಕ್ಕ. ಕಿಸಾನ್ ಕ್ರೆಡಿಟ್ ಕಾರ್ಡ್ ಬಂದುದು 1998ರಲ್ಲಿ. ತಂದೆಯ ಪಾಸ್‌ಬುಕ್, ಸಂಘದ ಸಾಲದ ರಸೀದಿ, ಕಾರ್ಡಿನ ಬಡ್ಡಿ ಲೆಕ್ಕ ಇವನ್ನು ಕೈಯಲ್ಲಿ ಹಿಡಿದು ಓದಿದರೆ ಯಾವ ಗೈಡೂ ಕಲಿಸದಷ್ಟು ಮನಸ್ಸಿಗೆ ಹತ್ತುತ್ತದೆ.

ದಲ್ಲಾಳಿಗಳ ಬಗ್ಗೆ ಎಚ್ಚರಿಕೆ

“ಬ್ಯಾಂಕಿನಲ್ಲಿ ಒಳಗಿನವರ ಪರಿಚಯವಿದೆ, ಇಷ್ಟು ಲಕ್ಷ ಕೊಡಿ” ಎನ್ನುವವರು ಅಡಿಕೆ ಮಾರುವ ಕಾಲ ನೋಡಿಕೊಂಡೇ ಮನೆಗೆ ಬರುತ್ತಾರೆ. ಪರೀಕ್ಷಾ ಶುಲ್ಕವಲ್ಲದೆ ಬೇರೆ ಹಣವನ್ನು ಯಾವ ಬ್ಯಾಂಕೂ ನೇಮಕಾತಿಗಾಗಿ ಕೇಳುವುದಿಲ್ಲ. ಐಬಿಪಿಎಸ್ ಶುಲ್ಕ ಇತ್ತೀಚಿನ ಪ್ರಕಟಣೆಗಳಲ್ಲಿ ಸಾಮಾನ್ಯರಿಗೆ 850, ಪರಿಶಿಷ್ಟರಿಗೆ 175 ರೂಪಾಯಿ. ಮುದ್ರೆಯೊತ್ತಿದ ನೇಮಕಾತಿ ಪತ್ರ ಕೈಗೆ ಬಂದರೂ ಬ್ಯಾಂಕಿನ ಕಚೇರಿಯಲ್ಲಿ ತೋರಿಸಿ ಖಚಿತಪಡಿಸಿಕೊಳ್ಳದೆ ಒಂದು ಪೈಸೆಯನ್ನೂ ಕೊಡಬೇಡಿರಿ. ಸಂಶಯ ಬಂದರೆ ಪೊಲೀಸರಿಗೆ ತಿಳಿಸಿರಿ. ಹೀಗೆ ಕಳೆದುಕೊಂಡ ಹಣ ಮರಳಿ ಬರುವುದು ಅಪರೂಪ. ಮಗುವಿನ ಒಂದು ವರ್ಷವಂತೂ ಬರುವುದೇ ಇಲ್ಲ.

ಕೊನೆಯ ಮಾತು

ಒಂದೇ ಸಲಕ್ಕೆ ತೇರ್ಗಡೆಯಾಗುವವರು ಕಡಿಮೆ. ಎರಡು ಮೂರು ಪ್ರಯತ್ನಗಳಿಗೆ ಮನೆಯವರು ಸಿದ್ಧರಿರಬೇಕು. ಆ ವರ್ಷಗಳಲ್ಲಿ ಮಗು ತೋಟದ ಕೆಲಸಕ್ಕೂ ಕೈ ಹಾಕಲಿ. ಆದರೆ ಓದಿಗೆ ದಿನಕ್ಕೆ ಮೂರು ನಾಲ್ಕು ಗಂಟೆ ಯಾರೂ ಕರೆಯದ ಸಮಯ ಇರಲಿ. ಕೊಯ್ಲಿನ ಕಾಲದಲ್ಲಿ ಇದು ಕಷ್ಟವೇ ಸರಿ. ಬೆಳಗಿನ ಜಾವ ಸಾಧ್ಯ. ವಯಸ್ಸಿನ ಮಿತಿಯನ್ನು ಲೆಕ್ಕ ಹಾಕಿ, ಇಷ್ಟು ವರ್ಷ ಪ್ರಯತ್ನ, ಆಮೇಲೆ ಬೇರೆ ದಾರಿ ಎಂದು ಮೊದಲೇ ನಿಶ್ಚಯಿಸಿಕೊಂಡರೆ ಮನೆಯಲ್ಲಿ ಮುನಿಸಿಗೂ ಎಡೆಯಿರುವುದಿಲ್ಲ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ಮಕ್ಕಳ ವಿಷಯದಲ್ಲಿ ಎರಡು ವರ್ಷ ಕಾಯುವುದು ಹೆಚ್ಚಾಗಲಾರದು.